ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತಾ?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: “2024ರಲ್ಲಿ ಕಮಲಾ ಹ್ಯಾರಿಸ್ ಮತ್ತು ಟ್ರಂಪ್ ನಡುವಿನ ಟಿವಿ ಚರ್ಚೆಯನ್ನು ಬೆಳಿಗ್ಗೆ ಎದ್ದು ಪೂರ್ತಿ ನೋಡಿದ್ದೆ. ಹ್ಯಾರಿಸ್ ಗೆದ್ದರು ಅಂತ ಎಷ್ಟೋ ಕಡೆ ಬಂತು, ನನಗೂ ಹಾಗೇ ಅನ್ನಿಸಿತು. ಚುನಾವಣೆ ಗೆದ್ದದ್ದು ಟ್ರಂಪ್. ಹಾಗಾದರೆ ಅವತ್ತು ಹೇಳಿದ್ದು ಸುಳ್ಳಾ? ಯಾರು ಗೆದ್ದರು ಅಂತ ತೀರ್ಮಾನ ಮಾಡುವುದು ಹೇಗೆ?”

ಸುಳ್ಳಲ್ಲ. ನೀವು ನೋಡಿದ್ದೂ ಸರಿಯಾಗೇ ಇದೆ.

ನಿಮ್ಮ ಕಡೆಯವರಿಗೆ ತಾಳಮದ್ದಳೆ ಗೊತ್ತೇ ಇರುತ್ತದೆ. ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು. ಆದರೂ ಅರ್ಥ ಹೇಳುವವರು ಗಟ್ಟಿಗರಾದರೆ, ಮನೆಗೆ ಹೋಗುವ ದಾರಿಯಲ್ಲಿ ಜನ “ಇವತ್ತು ವಾಲಿಯದೇ ಮೇಲುಗೈ” ಅನ್ನುತ್ತಾರೆ, ಅಲ್ವಾ? ಚರ್ಚೆ ಮುಗಿದ ಕೂಡಲೇ ಸಿಎನ್ಎನ್‌ನಂಥ ವಾಹಿನಿಗಳು ಮಾಡುವ ಸಮೀಕ್ಷೆಯೂ ಹೀಗೇ. ಚರ್ಚೆ ನೋಡಿದವರನ್ನು ಮಾತ್ರ ಕೇಳುತ್ತಾರೆ. ಅವತ್ತು ಯಾವ ಪಕ್ಷದವರು ಜಾಸ್ತಿ ನೋಡಿದರೋ ಆ ಕಡೆಗೆ ಲೆಕ್ಕ ಸ್ವಲ್ಪ ವಾಲುತ್ತದೆ. ಕೇಳುವುದು ಯಾರು ಚೆನ್ನಾಗಿ ಮಾಡಿದರು ಅಂತ. ಯಾರಿಗೆ ವೋಟು ಅನ್ನುವುದು ಬೇರೆ ಮಾತು. 2012ರ ಮೊದಲ ಚರ್ಚೆಯಲ್ಲಿ ಮಿಟ್ ರಾಮ್ನಿ ಗೆದ್ದರು ಅಂದವರು ಶೇ 67. ಅಧ್ಯಕ್ಷರಾಗಿ ಉಳಿದವರು ಒಬಾಮಾ. 2016ರ ಮೊದಲ ಚರ್ಚೆಯಲ್ಲಿ ಶೇ 62 ಮಂದಿ ಹಿಲರಿ ಕ್ಲಿಂಟನ್ ಹೆಸರು ಹೇಳಿದರು, ಅಧ್ಯಕ್ಷರಾದವರು ಟ್ರಂಪ್. ನೀವು ನೋಡಿದ ಚರ್ಚೆಯಲ್ಲಿ ಹ್ಯಾರಿಸ್‌ಗೆ ಶೇ 63.

ಹಾಗಂತ ಚರ್ಚೆಯಿಂದ ಏನೂ ಆಗುವುದಿಲ್ಲ ಅಂತಲ್ಲ. ಅದೇ 2024ರ ಜೂನ್ 27ರಂದು ಅಟ್ಲಾಂಟಾದಲ್ಲಿ ಟ್ರಂಪ್ ಜೊತೆಗಿನ ಚರ್ಚೆಯಲ್ಲಿ ಆಗಿನ ಅಧ್ಯಕ್ಷ ಬೈಡನ್ ತಡವರಿಸಿದರು. ಜುಲೈ 21ಕ್ಕೆ ಕಣದಿಂದಲೇ ಹಿಂದೆ ಸರಿದರು.

ನನಗೆ ಜಾಸ್ತಿ ಕಾಡುವುದು 1976ರ ಅಕ್ಟೋಬರ್ 6ರ ಚರ್ಚೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎದುರಾಳಿ ಜಿಮ್ಮಿ ಕಾರ್ಟರ್ ಜೊತೆ ಚರ್ಚೆಗೆ ನಿಂತ ಅಧ್ಯಕ್ಷ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಅಂದುಬಿಟ್ಟರು. ಪ್ರಶ್ನೆ ಕೇಳಿದ ಪತ್ರಕರ್ತರು ನಂಬಲಾಗದೆ ಮತ್ತೆ ಕೇಳಿದರೂ ಫೋರ್ಡ್ ಮಾತು ತಿದ್ದಿಕೊಳ್ಳಲಿಲ್ಲ. ವಿಚಿತ್ರ ಅಂದರೆ, ಆ ರಾತ್ರಿ ಮನೆಯಲ್ಲಿ ಕೂತು ನೋಡಿದವರಿಗೆ ಅದು ಅಂಥ ದೊಡ್ಡ ತಪ್ಪು ಅನ್ನಿಸಿರಲಿಲ್ಲ. ಕೂಡಲೇ ಕೇಳಿದಾಗ ಇಬ್ಬರೂ ಹೆಚ್ಚು ಕಡಿಮೆ ಸಮಸಮ. ಮರುದಿನ ಪತ್ರಿಕೆ, ಟಿವಿ ಎಲ್ಲ ಅದೊಂದೇ ಮಾತನ್ನು ಎತ್ತಿ ಆಡಿದವು. ಸಂಜೆಯೊಳಗೆ ಕಾರ್ಟರ್ ಗೆದ್ದರು ಅನ್ನುವವರೇ ಬಹುಪಾಲು! ಚರ್ಚೆ ಅದೇ, ನೋಡಿದ ಕಣ್ಣೂ ಅದೇ. ನಡುವೆ ಬಂದದ್ದು ಇನ್ನೊಬ್ಬರ ಮಾತು. ಫೋರ್ಡ್ ಹೇಳಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಎಷ್ಟು ದೊಡ್ಡ ತಪ್ಪು ಅಂತ ಜನರ ಪರವಾಗಿ ಬೇರೆ ಯಾರೋ ಅಳೆದುಕೊಟ್ಟರು. ಪತ್ರಿಕೆ ನಡೆಸುವವನಾಗಿ ಇದು ನನಗೆ ಚುಚ್ಚುತ್ತದೆ. ಅಳೆದುಕೊಡುವವರಲ್ಲಿ ನಾವೂ ಇದ್ದೇವಲ್ಲ.

ಅದಕ್ಕೇ ನಾನು ಚರ್ಚೆ ಮುಗಿದ ಕ್ಷಣ ಟಿವಿ ಆರಿಸುತ್ತೇನೆ. ವಿಶ್ಲೇಷಕರು ಬಾಯಿ ಬಿಡುವ ಮೊದಲು ಒಂದು ಹಾಳೆಯಲ್ಲಿ ನನ್ನ ಅನಿಸಿಕೆ ಬರೆದಿಡುತ್ತೇನೆ. ಯಾರು ಚೆನ್ನಾಗಿ ಕಂಡರು, ಯಾರು ಚುರುಕಾಗಿ ತಿರುಗೇಟು ಕೊಟ್ಟರು ಅಂತಲ್ಲ. ಕೇಳಿದ ಪ್ರಶ್ನೆ ಏನು, ಅದಕ್ಕೆ ಉತ್ತರ ಬಂತಾ, ಅಷ್ಟೇ.

ಹೀಗೆ ನೋಡಿದಾಗ ಹ್ಯಾರಿಸ್-ಟ್ರಂಪ್ ಚರ್ಚೆ ನನಗೆ ಕಂಡದ್ದು ಹೀಗೆ. ಗಡಿ ದಾಟಿ ಬರುವ ವಲಸಿಗರ ವಿಷಯ ಟ್ರಂಪ್ ಅವರ ಗಟ್ಟಿ ನೆಲ. ಗಡಿ ಭದ್ರತೆಯ ಮಸೂದೆ ಬಗ್ಗೆ ಕೇಳಿದರೆ, ಅವರು ಹ್ಯಾರಿಸ್ ತಮ್ಮ ರ‍್ಯಾಲಿಗಳನ್ನು ಹೀಯಾಳಿಸಿದ್ದಕ್ಕೆ ಮೊದಲು ಉತ್ತರ ಕೊಡಲು ಹೋದರು. ಅಲ್ಲಿಂದ ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸೆ ಬಂದವರು ನಾಯಿ, ಬೆಕ್ಕು ತಿನ್ನುತ್ತಿದ್ದಾರೆ ಅನ್ನುವ ಆಧಾರವಿಲ್ಲದ ಮಾತಿಗೆ ಇಳಿದರು. ಒಟ್ಟು ಲೆಕ್ಕದಲ್ಲಿ ಅವತ್ತು ಹ್ಯಾರಿಸ್ ಗೆದ್ದರು. ಈಗ ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ಆದರೆ ನನ್ನ ಹಾಳೆಯ ಮೊದಲ ಸಾಲಲ್ಲೇ ಅವರ ಹೆಸರಿನ ಮುಂದೆ ‘ಇಲ್ಲ’ ಅಂತ ಇದೆ. ಕೇಳಿದ ಮೊದಲ ಪ್ರಶ್ನೆ ತುಂಬ ಸರಳ. ಆರ್ಥಿಕವಾಗಿ ಜನ ನಾಲ್ಕು ವರ್ಷದ ಹಿಂದಿಗಿಂತ ಚೆನ್ನಾಗಿದ್ದಾರೆ ಅಂತ ನಿಮಗೆ ಅನ್ನಿಸುತ್ತದಾ? 1980ರಲ್ಲಿ ಕ್ಲೀವ್‌ಲ್ಯಾಂಡ್‌ನ ಚರ್ಚೆಯಲ್ಲಿ ರೇಗನ್ ಜನರ ಮುಂದೆ ಇಟ್ಟದ್ದೂ ಇದೇ ಪ್ರಶ್ನೆ. ಹ್ಯಾರಿಸ್ ತಾವು ಮಧ್ಯಮ ವರ್ಗದ ಮನೆಯಲ್ಲಿ ಬೆಳೆದದ್ದು ಹೇಳಿದರು. ಮುಂದೆ ಏನು ಮಾಡುತ್ತೇನೆ ಅಂತಲೂ ಹೇಳಿದರು. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ದಿನಸಿ ಬೆಲೆ ನೋಡಿ ಬೇಸತ್ತ ಮನೆಗಳು ಕೇಳುತ್ತಿದ್ದದ್ದು ಆ ಒಂದೇ ಪ್ರಶ್ನೆ. ಉಳಿದ ತೊಂಬತ್ತು ನಿಮಿಷ ಚೆನ್ನಾಗಿ ಮಾತಾಡಿದ್ದು ಆ ಜಾಗ ತುಂಬಲಿಲ್ಲ ಅಂತ ನನ್ನ ಅಭಿಪ್ರಾಯ.

ಆ ಚರ್ಚೆಯ ವಿಡಿಯೋ ಸಿಕ್ಕರೆ ಮೊದಲ ಐದು ನಿಮಿಷ ಇನ್ನೊಮ್ಮೆ ನೋಡಿ. ನನ್ನ ಮಾತು ಪಕ್ಕಕ್ಕಿಟ್ಟು ನೋಡಿ. ಏನನ್ನಿಸಿತು ಅಂತ ಬರೆಯಿರಿ, ನಿಮ್ಮ ತೀರ್ಪು ಬೇರೆಯಾದರೆ ಅದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ