ಗಾಂಜಾ ಸೇದಿದ ಆಟಗಾರನಿಗೆ ನಿಷೇಧ ನ್ಯಾಯವೇ?

ನಿಮ್ಮ ಪ್ರಶ್ನೆ ಇಷ್ಟು: ಪೊನ್ನಂಪೇಟೆಯಲ್ಲಿ ಹಾಕಿ ಕಲಿಯುತ್ತಿರುವ ನಿಮ್ಮ ಮಗನಂಥ ಹುಡುಗ ಮೋಜಿಗೆ ಗಾಂಜಾ ಸೇದಿದರೆ, ಆಟಕ್ಕೆ ಅದರಿಂದ ಏನೂ ಲಾಭವಾಗದಿದ್ದರೂ ನಿಷೇಧ ಹೇರುವುದು ಸರಿಯೇ? ಪಂದ್ಯದ ದಿನ ಅಮಲಿನಲ್ಲಿ ಟರ್ಫ್‌ಗೆ ಇಳಿದವನನ್ನು ಹೊರಗಿಡುವುದು ನೂರಕ್ಕೆ ನೂರು ಸರಿ. ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್‌ಗೆ (ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿನತ್ತ ರಭಸದಿಂದ ಎಸೆಯುವುದು) ಎದುರು ನುಗ್ಗುವ ಡಿಫೆಂಡರ್ ಅರೆಗಳಿಗೆ ತಡಮಾಡಿದರೆ ಚೆಂಡು ಮೊಣಕಾಲಿಗೋ ಮುಖಕ್ಕೋ ಬಡಿಯುತ್ತದೆ. ಆದರೆ ನಾಲ್ಕು ದಿನ ಹಿಂದೆ ಸೇದಿದವನನ್ನು ಇವತ್ತು ಹೊರಹಾಕುವುದು ಅನ್ಯಾಯ. ಈಗಿನ ಪರೀಕ್ಷೆಗೆ ಈ ಇಬ್ಬರ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ ಎಂಬುದೇ ನನ್ನ ತಕರಾರು.

ಮೊದಲು ನಿಯಮ. ವಾಡಾ ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ. ಅದರ 2021ರ ಸಂಹಿತೆ ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ, ಕೊಕೇನ್, ಹೆರಾಯಿನ್, ಎಂಡಿಎಂಎ (ಎಕ್ಸ್‌ಟಸಿ) ಈ ನಾಲ್ಕನ್ನು ಬೇರೆ ಗುಂಪು ಮಾಡಿದೆ. ಇವು ಪಂದ್ಯದ ಅವಧಿಯಲ್ಲಿ ಮಾತ್ರ ನಿಷಿದ್ಧ. ಸಾಮಾನ್ಯ ನಿಯಮದಂತೆ ಆ ಅವಧಿ ಪಂದ್ಯದ ಹಿಂದಿನ ರಾತ್ರಿ 11:59ಕ್ಕೆ ಶುರುವಾಗಿ, ಪಂದ್ಯ ಮುಗಿದು ಪರೀಕ್ಷೆಗೆ ಮಾದರಿ ಕೊಡುವವರೆಗೆ ಇರುತ್ತದೆ. ಅವಧಿಗೆ ಮುಂಚೆಯೇ, ಆಟಕ್ಕೆ ಸಂಬಂಧವಿಲ್ಲದೆ ಬಳಸಿದ್ದು ಎಂದು ಆಟಗಾರ ಸಾಬೀತು ಮಾಡಿದರೆ ನಿಷೇಧ 3 ತಿಂಗಳು. ಒಪ್ಪಿತ ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ 1 ತಿಂಗಳಿಗೆ ಇಳಿಯಬಹುದು. ಬೇಕೆಂದೇ ಸ್ಟೆರಾಯ್ಡ್ ಚುಚ್ಚಿಕೊಂಡವನಿಗೆ 4 ವರ್ಷ. ಮಾದರಿಯಲ್ಲಿ ಕೊಕೇನ್ ಅಂಶ ಸಿಕ್ಕಿತೆಂದು, ತಾನು ತೆಗೆದುಕೊಂಡೇ ಇಲ್ಲ ಎಂದ ಟೆನಿಸ್ ಆಟಗಾರ್ತಿ ಮಾರ್ಟಿನಾ ಹಿಂಗಿಸ್‌ಗೆ 2007ರ ಪ್ರಕರಣದಲ್ಲಿ 2 ವರ್ಷ ವಿಧಿಸಿದ್ದನ್ನು ನೆನೆದರೆ ಇದು ದೊಡ್ಡ ಸುಧಾರಣೆಯೇ.

ಎಡವಟ್ಟು ಇರುವುದು ಮೂತ್ರದ ಪರೀಕ್ಷೆಯಲ್ಲಿ. ಪ್ರಯೋಗಾಲಯ ಹುಡುಕುವುದು ಅಮಲು ತರುವ ಟಿಎಚ್‌ಸಿಯನ್ನಲ್ಲ, ಅದು ಒಡೆದು ಉಳಿಯುವ ಕಾರ್ಬಾಕ್ಸಿ-ಟಿಎಚ್‌ಸಿಯನ್ನು. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಅಪರೂಪಕ್ಕೆ ಸೇದಿದವನಲ್ಲಿ ಕೆಲವು ದಿನ, ದಿನವೂ ಸೇದುವವನಲ್ಲಿ ವಾರಗಟ್ಟಲೆ ಕುರುಹು ಸಿಗುತ್ತದೆ. 2013ರಲ್ಲಿ ವಾಡಾ ಮಿತಿಯನ್ನು ಮಿಲಿಲೀಟರಿಗೆ 15 ನ್ಯಾನೋಗ್ರಾಂನಿಂದ 150ಕ್ಕೆ ಏರಿಸಿದ್ದರಿಂದ ಹಳೆಯ ಸಣ್ಣ ಕುರುಹುಗಳು ಬಹುಪಾಲು ಬಿಟ್ಟುಹೋದವು, ನಿಜ. ಆದರೂ ರೂಢಿಯಾಗಿ ಸೇದುವವನು ಗುರುವಾರ ನಿಲ್ಲಿಸಿದ್ದರೂ ಭಾನುವಾರ ಸಿಕ್ಕಿಬೀಳಬಹುದು. ಎಂಜಲಿನ ಪರೀಕ್ಷೆ ಕೆಲವು ಗಂಟೆಗಳ ಹಿಂದಿನ ಬಳಕೆಯನ್ನು ತೋರಿಸುತ್ತದೆ; ಆಸ್ಟ್ರೇಲಿಯಾದಲ್ಲಿ ಪೊಲೀಸರು ಚಾಲಕರನ್ನು ತಪಾಸಣೆ ಮಾಡುವುದು ಹೀಗೆಯೇ. ಗಾಂಜಾ ಮಟ್ಟಿಗಾದರೂ ಕ್ರೀಡೆಯಲ್ಲಿ ಅದನ್ನೇ ಮುಖ್ಯ ಸಾಕ್ಷ್ಯ ಮಾಡಬೇಕು.

ನಿಷಿದ್ಧ ವಸ್ತುಗಳ ಪಟ್ಟಿಗೆ ಸೇರಿಸುವ ಮಾನದಂಡವೂ ನನಗೆ ಒಪ್ಪಿಗೆಯಿಲ್ಲ. ಆಟಕ್ಕೆ ಲಾಭ, ಆರೋಗ್ಯಕ್ಕೆ ಹಾನಿ, ಕ್ರೀಡಾ ಮನೋಭಾವಕ್ಕೆ ಧಕ್ಕೆ, ಈ ಮೂರರಲ್ಲಿ ಎರಡಿದ್ದರೆ ಸಾಕು. ಹಾಗಾಗಿ ಲಾಭ ತೋರಿಸದೆಯೂ ಗಾಂಜಾವನ್ನು ಪಟ್ಟಿಯಲ್ಲಿ ಇಡಬಹುದು. ಮದ್ಯ ಮಾತ್ರ 2018ರಿಂದ ಪಟ್ಟಿಯಲ್ಲೇ ಇಲ್ಲ.

ಒಂದು ತಿಂಗಳು ತಾನೇ ಅನ್ನಬೇಡಿ. ಅಮೆರಿಕದ ಓಟಗಾರ್ತಿ ಶಕಾರಿ ರಿಚರ್ಡ್‌ಸನ್ 2021ರಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದ ಆರೆಗಾನ್‌ನಲ್ಲಿ ನಡೆದ ಒಲಿಂಪಿಕ್ಸ್ ಆಯ್ಕೆ ಓಟದಲ್ಲಿ 100 ಮೀಟರ್ ಗೆದ್ದರು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಒಂದೇ ತಿಂಗಳ ನಿಷೇಧಕ್ಕೆ ಟೋಕಿಯೊ ಒಲಿಂಪಿಕ್ಸ್ ಕೈತಪ್ಪಿತು. ನಮ್ಮ ಹುಡುಗರಿಗೆ ಆ ತಿಂಗಳಲ್ಲಿ ರೈಲ್ವೆಯದೋ ಸರ್ವಿಸಸ್‌ನದೋ (ಸೇನಾಪಡೆಗಳ ತಂಡ) ಟ್ರಯಲ್ಸ್ ಬಂದರೆ ಕೆಲಸವೇ ಹೋಯಿತು. ಮೇಲಾಗಿ, ಪಂದ್ಯದ ಅವಧಿಗೆ ಮುಂಚೆ ಸೇದಿದ್ದು ಎಂದು ತೋರಿಸುವ ಹೊಣೆ ಆಟಗಾರನದೇ. ಹಣವಿರುವವನು ವಕೀಲರನ್ನೂ ತಜ್ಞರನ್ನೂ ಕರೆತರುತ್ತಾನೆ. ಹಾಸ್ಟೆಲ್ ಹುಡುಗ ಏನು ಮಾಡಿಯಾನು?

ಇನ್ನು ನೀವು ಮಗನಿಗೆ ಹೇಳಬೇಕಾದದ್ದು. ಭಂಗಿ ಸೊಪ್ಪನ್ನು, ಅಂದರೆ ಗಾಂಜಾ ಗಿಡದ ಎಲೆಯನ್ನು, 1985ರ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎಂದು ಹೇಳುವುದಿಲ್ಲ, ಆದರೆ ಅದರಲ್ಲೂ ಟಿಎಚ್‌ಸಿ ಇದೆ, ಪ್ರಯೋಗಾಲಯಕ್ಕೆ ಎರಡೂ ಒಂದೇ. ಭಂಗಿ ಬೆರೆಸಿದ ಚಾಕಲೇಟನ್ನೂ ಮುಟ್ಟಬಾರದು. ಪರೀಕ್ಷೆಗೆ ಕರೆದಾಗ 18 ತುಂಬದವನ ಜೊತೆ ದೊಡ್ಡವರೊಬ್ಬರು ಇರಲೇಬೇಕು. ಒಟ್ಟು 90 ಮಿಲಿಲೀಟರ್ ಮೂತ್ರ ಬೇಕು; ಮರುಪರೀಕ್ಷೆಗೆಂದು ಇಡುವ ಬಿ ಬಾಟಲಿಗೆ 30, ಮೊದಲ ಪರೀಕ್ಷೆಯ ಎ ಬಾಟಲಿಗೆ 60. ಬಾಟಲಿ ಮೇಲಿನ ಸಂಖ್ಯೆಯೂ ಫಾರಂನಲ್ಲಿ ಬರೆದ ಸಂಖ್ಯೆಯೂ ಒಂದೇ ಇದೆಯೇ ಎಂದು ನೋಡಿಯೇ ಸಹಿ ಹಾಕಬೇಕು. ತೆಗೆದುಕೊಂಡ ಔಷಧಿಗಳನ್ನು ಅಲ್ಲೇ ಬರೆಸಬೇಕು.

ನಿಷೇಧವಾದರೆ ಮಾನ್ಯತೆ ಪಡೆದ ಕ್ಲಬ್‌ಗಾಗಲಿ ಸಂಸ್ಥೆಗಾಗಲಿ ಆಡುವಂತಿಲ್ಲ. ಆಡಿದರೆ ಅಷ್ಟೇ ಅವಧಿಯನ್ನು ಮತ್ತೆ ಸೇರಿಸುತ್ತಾರೆ. ಕೊಡವ ಕೌಟುಂಬಿಕ ಹಾಕಿಯಲ್ಲಿ ಆಡಬಹುದೇ ಎಂಬಂಥ ಅನುಮಾನವಿದ್ದರೆ ನಾಡಾದಿಂದ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಬರಹದಲ್ಲೇ ಉತ್ತರ ತರಿಸಿಕೊಂಡು ಮೈದಾನಕ್ಕೆ ಕಳಿಸಿ. ತಂಡದ ಜೊತೆ ಅಭ್ಯಾಸಕ್ಕೆ ಮರಳಲು ನಿಷೇಧದ ಕೊನೆಯ ಕಾಲುಭಾಗದಲ್ಲಿ ಅವಕಾಶವಿದೆ, ಅಂದರೆ 3 ತಿಂಗಳಿದ್ದರೆ ಸುಮಾರು ಕೊನೆಯ 3 ವಾರ. ಸೇದಿದ್ದು ಗೊತ್ತಾಗುತ್ತದೆಂದು ಹೆದರಿ ಮಾದರಿ ಕೊಡದೆ ಓಡಿಹೋಗುವುದು ಎಲ್ಲಕ್ಕಿಂತ ಕೆಟ್ಟ ದಾರಿ: ಒಂದೋ ಮೂರೋ ತಿಂಗಳಲ್ಲಿ ಮುಗಿಯಬಹುದಾದದ್ದು 4 ವರ್ಷದವರೆಗೂ ಹೋಗಬಹುದು.