ಕೆಂಪಾದ ಮಾತ್ರಕ್ಕೆ ಸೇಬು ಕೊಯ್ಲಿಗೆ ಬಂದಂತಲ್ಲ

ಪ್ರತಿ ಹಂಗಾಮಿನಲ್ಲೂ ಇವೇ ಪ್ರಶ್ನೆಗಳು ಬರುತ್ತವೆ, ಅದೂ ಹಣ್ಣು ಕೆಟ್ಟ ಮೇಲೆ. ಆದ್ದರಿಂದ ಈ ಸಲ ಮೊದಲ ಪ್ರಶ್ನೆಯನ್ನು ಬಿಡಿಸಿಯೇ ಹೇಳುತ್ತೇನೆ.

ಪ್ರಶ್ನೆ: ಸೇಬು ಪೂರ್ತಿ ಕೆಂಪಾಗುವವರೆಗೆ ಕಾದು ಕೊಯ್ದೆ. ಶೈತ್ಯಾಗಾರದಲ್ಲಿಟ್ಟರೂ ಎರಡೇ ತಿಂಗಳಲ್ಲಿ ತಿರುಳು ಹಿಟ್ಟುಹಿಟ್ಟಾಯಿತು. ತಪ್ಪು ಶೈತ್ಯಾಗಾರದ್ದೇ?

ಬಹುಮಟ್ಟಿಗೆ ತಪ್ಪು ನೀವು ಆರಿಸಿಕೊಂಡ ದಿನದ್ದು. ಕೆಂಪು ಬಣ್ಣವನ್ನು ನಿರ್ಧರಿಸುವುದು ತಳಿ, ಬಿಸಿಲು ಮತ್ತು ರಾತ್ರಿಯ ತಂಪು. ಕೆಲವು ತಳಿಗಳು ಬಲಿಯುವ ಎಷ್ಟೋ ಮೊದಲೇ ಕೆಂಪೇರುತ್ತವೆ. ನೆರಳಿನ ಕೊಂಬೆಯ ಹಣ್ಣು ಮಾಗಿದರೂ ಪೇಲವವಾಗಿಯೇ ಉಳಿಯುತ್ತದೆ. ಬಣ್ಣವನ್ನೇ ನೋಡುವುದಾದರೆ ಕೆಂಪಿನ ನಡುವೆ ಇಣುಕುವ ತಳಬಣ್ಣವನ್ನು ನೋಡಿ. ಗಾಢ ಹಸಿರು ತಿಳಿಯಾಗಿ ಹಳದಿಯತ್ತ ಹೊರಳತೊಡಗಿದರೆ ಕೊಯ್ಲು ಹತ್ತಿರ. ಪೂರ್ತಿ ಹಳದಿಯಾದರೆ ಆ ಹಣ್ಣು ಈಗಲೇ ತಿನ್ನಲು ಸರಿ, ತಿಂಗಳುಗಟ್ಟಲೆ ಇಡಲು ಅಲ್ಲ.

ಸೇಬು ಮರದಿಂದ ಬಿಡಿಸಿದ ಮೇಲೂ ಮಾಗುತ್ತದೆ. ಒಳಗೆ ಎಥಿಲೀನ್ ಅನಿಲ ಏರತೊಡಗಿದರೆ ಉಸಿರಾಟ ಜೋರಾಗುತ್ತದೆ, ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಸಡಿಲವಾಗುತ್ತದೆ. ತಂಪು ಇದನ್ನು ನಿಧಾನಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ಶೈತ್ಯಾಗಾರಕ್ಕೆ ಹೋಗುವ ಸೇಬು ಬಲಿತಿರಬೇಕು, ಮಾಗಿರಬಾರದು.

ಇದನ್ನು ತಿಳಿಯಲು ಅಯೋಡಿನ್ ಪರೀಕ್ಷೆ ಮಾಡಿ. ಅಂದಾಜು ಕೊಯ್ಲಿಗೆ ಮೂರು ವಾರ ಇರುವಾಗಲೇ ಶುರು ಮಾಡಿ, ನಾಲ್ಕೈದು ದಿನಕ್ಕೊಮ್ಮೆ ನೋಡಿ. ಬೇರೆಬೇರೆ ಮರಗಳಿಂದ, ಆಳೆತ್ತರದ ಕೊಂಬೆಗಳಿಂದ, ಸಾಧಾರಣ ಗಾತ್ರದ 10 ಹಣ್ಣು ತನ್ನಿ. ಹುಳು ಬಿದ್ದದ್ದು ಬೇಡ, ಅದು ಬೇಗ ಮಾಗಿ ದಾರಿ ತಪ್ಪಿಸುತ್ತದೆ. ಹಣ್ಣನ್ನು ನಡುವಿಗೆ ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಮುಖವನ್ನು ಅಯೋಡಿನ್–ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಲ್ಲಿ ಅದ್ದಿ ಒಂದೆರಡು ನಿಮಿಷ ಬಿಡಿ. ಪಿಷ್ಟವಿರುವಲ್ಲೆಲ್ಲ ಕಡುನೀಲಿ ಹರಡುತ್ತದೆ. ಪಿಷ್ಟ ಸಕ್ಕರೆಯಾದ ಜಾಗ ಬೆಳ್ಳಗೇ ಉಳಿಯುತ್ತದೆ. ಪಿಷ್ಟ ಕರಗುವುದು ಬೀಜದ ಗೂಡಿನಿಂದ ಹೊರಗಡೆಗೆ. ಮುಖವೆಲ್ಲ ಕಪ್ಪಾಗಿದ್ದರೆ ಕಾಯಿರಿ. ಗೂಡು ಬೆಳ್ಳಗಾಗಿ ಸುತ್ತಲ ತಿರುಳು ಇನ್ನೂ ನೀಲಿಯಾಗಿದ್ದರೆ ದೀರ್ಘ ಸಂಗ್ರಹಕ್ಕೆ ಕೊಯ್ಯುವ ಹೊತ್ತು ಅದೇ. ಸಿಪ್ಪೆಯಡಿ ತೆಳು ನೀಲಿ ಗೆರೆ ಮಾತ್ರ ಉಳಿದಿದ್ದರೆ ತಡವಾಗಿದೆ, ಬೇಗ ಮಾರಿಬಿಡಿ. ಎಲ್ಲ ತಳಿಗೂ ಒಂದೇ ಅಳತೆ ಹಿಡಿಯಬೇಡಿ: ಗಾಲಾ ಎಂಬ ತಳಿಯಲ್ಲಿ ಪಿಷ್ಟ ಸರಸರ ಕರಗುತ್ತದೆ. ನಿಮ್ಮ ತೋಟದ ಪರೀಕ್ಷೆಯ ಫಲಿತಾಂಶವನ್ನು ವರ್ಷವರ್ಷವೂ ಬರೆದಿಡಿ. ಅದ್ದಿದ ಹೋಳು ವಿಷ. ತಿನ್ನಬೇಡಿ, ದನಕರುಗಳಿಗೂ ಹಾಕಬೇಡಿ.

ಹಾಗೆಂದು ಹೆದರಿ ಎಳೆಯದನ್ನು ಕೊಯ್ದೀರಿ, ಎಚ್ಚರ. ಎಳೆಯ ಹಣ್ಣು ಸುಕ್ಕುಗಟ್ಟುತ್ತದೆ, ಸಿಪ್ಪೆ ಸುಟ್ಟಂತೆ ಕಂದಾಗುತ್ತದೆ, ರುಚಿ ಎಂದಿಗೂ ಕೂಡಿಬರುವುದಿಲ್ಲ. ಆದರೂ ಸಂದೇಹವಿದ್ದಾಗ ಇಡೀ ತೋಟವನ್ನು ಒಂದೇ ದಿನ ಬರಿದು ಮಾಡುವವರ ಪೈಕಿ ನಾನಲ್ಲ. ಎರಡು ಮೂರು ಸುತ್ತಿನಲ್ಲಿ ಕೊಯ್ಯಿರಿ.

ಪ್ರಶ್ನೆ: ಬೀಜ ಕಂದಾದರೆ ಸಾಕಲ್ಲವೇ?

ಸಾಲದು. ಎಷ್ಟೋ ತಳಿಗಳಲ್ಲಿ ಹಣ್ಣು ಬಲಿಯುವ ಮೊದಲೇ ಬೀಜ ಕಂದಾಗುತ್ತದೆ.

ಪ್ರಶ್ನೆ: ಬೇಗ ಬಣ್ಣ ಬರಲಿ ಎಂದು ಔಷಧಿ ಅಂಗಡಿಯವರು ಎಥೆಫಾನ್ ಸಿಂಪಡಿಸಲು ಹೇಳಿದ್ದಾರೆ. ಹೊಡೆಯಲೇ?

ಶೈತ್ಯಾಗಾರಕ್ಕೆ ಕಳಿಸುವ ಹಣ್ಣಿಗೆ ಬೇಡವೇ ಬೇಡ. ಅದು ಎಥಿಲೀನನ್ನೇ ಬಿಡುಗಡೆ ಮಾಡುವ ರಾಸಾಯನಿಕ. ಬಣ್ಣದ ಜೊತೆಗೆ ಮೆತ್ತಗಾಗುವುದೂ ಬೇಗ ಬರುತ್ತದೆ. ಸಿಂಪಡಿಸಿ ತಿಂಗಳುಗಟ್ಟಲೆ ಇಡಿ ಎನ್ನುವವರು ಡಬ್ಬಿ ಮಾರುತ್ತಾರೆ, ನಷ್ಟ ಹೊರುವುದಿಲ್ಲ. ಅಂಥವರ ಮಾತಿಗೆ ವರ್ಷದ ದುಡಿಮೆಯನ್ನು ಒತ್ತೆ ಇಡುವುದನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಪ್ರಶ್ನೆ: ಹೆಬ್ಬೆರಳಿನಿಂದ ಒತ್ತಿ ಗಟ್ಟಿತನ ನೋಡಬಹುದೇ?

ಒತ್ತಿದ ಹಣ್ಣು ಅಲ್ಲೇ ಕೊಳೆಯುತ್ತದೆ. ಸಿಪ್ಪೆ ತೆಗೆದು 11 ಮಿಲಿಮೀಟರ್ ತುದಿಯ ಒತ್ತಡಮಾಪಕದಿಂದ ಅಳೆಯಿರಿ.

ಪ್ರಶ್ನೆ: ಉದುರಿದ ಹಣ್ಣನ್ನು ಜೊತೆಗಿಡಬಹುದೇ?

ಇಲ್ಲ. ಪೆಟ್ಟಾದ ಹಣ್ಣು ಬಿಡುವ ಎಥಿಲೀನ್ ಪಕ್ಕದ ಒಳ್ಳೆಯ ಹಣ್ಣುಗಳನ್ನೂ ಮಾಗಿಸುತ್ತದೆ.