ಒತ್ತಾಗಿ ನೆಟ್ಟ ತೇಗ ದಪ್ಪವಾಗುತ್ತಿಲ್ಲ: ಯಾವ ಮರ ಉಳಿಸಬೇಕು, ಯಾವುದನ್ನು ತೆಗೆಯಬೇಕು

ನಮಸ್ಕಾರ ಸರ್. ನೀವು ಕೊಟ್ಟ ವಿವರ ಇಷ್ಟು: ಎರಡು ಎಕರೆ ತೇಗ, 2 ಮೀಟರ್ ಅಂತರ, 12 ವರ್ಷ, ಎತ್ತರ ಸುಮಾರು 40 ಅಡಿ, ಎದೆಮಟ್ಟದ ಸುತ್ತಳತೆ 30ರಿಂದ 45 ಸೆಂ.ಮೀ., ಮೂರು ವರ್ಷದಿಂದ ದಪ್ಪ ಹೆಚ್ಚಿದ್ದೇ ಗೊತ್ತಾಗುತ್ತಿಲ್ಲ. ಮೇಲೆ ಒಬ್ಬರು ಗೊಬ್ಬರ ಕೊಡಿ ಅಂದಿದ್ದಾರೆ, ಇನ್ನೊಬ್ಬರು ರೆಂಬೆ ಸವರಿ ಅಂದಿದ್ದಾರೆ, ಮತ್ತೊಬ್ಬರು ದಪ್ಪ ಮರಗಳನ್ನು ಈಗಲೇ ಮಾರಿ ಸಣ್ಣವನ್ನು ಬೆಳೆಯಲು ಬಿಡಿ ಅಂದಿದ್ದಾರೆ. ಮೊದಲ ಎರಡರಲ್ಲಿ ದುಡ್ಡು, ಕೂಲಿ ಹೋಗುತ್ತದೆ, ಅಷ್ಟೆ. ಮೂರನೆಯದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ತೋಟದ ಒಳ್ಳೆಯ ಮರಗಳನ್ನೇ ಆರಿಸಿ ಕಡಿಯುವ ಕೆಲಸ.

ಯಾಕೆ ಅಂದರೆ, ನಿಮ್ಮ ತೋಟದ ಸಣ್ಣ ಮರಗಳು ಎಳೆಯ ಮರಗಳಲ್ಲ. ದಪ್ಪ ಮರಕ್ಕೆ ಆದಷ್ಟೇ ವಯಸ್ಸು ಅವಕ್ಕೂ ಆಗಿದೆ. ಬೆಳಕಿನ ಪೈಪೋಟಿಯಲ್ಲಿ ಸೋತಿವೆ, ಅಷ್ಟೆ. ತೇಗಕ್ಕೆ ನೆರಳು ಸ್ವಲ್ಪವೂ ಆಗುವುದಿಲ್ಲ. ವರ್ಷಗಟ್ಟಲೆ ಬೇರೆ ಮರಗಳ ನೆರಳಿನಡಿ ಉಳಿದ ಮರದ ಎಲೆಕೊಡೆ (ಮೇಲಿನ ರೆಂಬೆ-ಎಲೆಗಳ ಹರವು) ಒಂದು ಹಿಡಿಯಷ್ಟಾಗಿರುತ್ತದೆ, ಬೇರೂ ಅದಕ್ಕೆ ತಕ್ಕಷ್ಟೇ ಇರುತ್ತದೆ. ಪಕ್ಕದ ದಪ್ಪ ಮರ ತೆಗೆದರೆ ಅದು ಚೇತರಿಸಿಕೊಳ್ಳುವುದಕ್ಕಿಂತ ಗಾಳಿಗೆ ಬಾಗುವುದೇ ಹೆಚ್ಚು.

ಗೊಬ್ಬರದ ವಿಷಯಕ್ಕೂ ಇದೇ ಉತ್ತರ. ಮರ ಎಲೆಯಲ್ಲಿ ತಯಾರಿಸಿದ ಆಹಾರವನ್ನು ಮೊದಲು ಉಸಿರಾಟಕ್ಕೆ, ಹೊಸ ಎಲೆ-ಬೇರಿಗೆ, ಎತ್ತರಕ್ಕೆ ಬಳಸುತ್ತದೆ. ಕಾಂಡ ದಪ್ಪವಾಗುವ ಸರದಿ ಕೊನೆಯದು. ಕೊಡೆ ಚಿಕ್ಕದಾದಾಗ ಮೊದಲು ನಿಲ್ಲುವುದೂ ಅದೇ. ಒತ್ತಿನಲ್ಲಿರುವ ಮರ ಎತ್ತರ ಹೋಗುತ್ತಲೇ ಇರುತ್ತದೆ, ದಪ್ಪ ಮಾತ್ರ ಆಗುವುದಿಲ್ಲ. ಇಲ್ಲಿ ಕೊರತೆ ಇರುವುದು ಬೆಳಕಿನದು, ಅದನ್ನು ಚೀಲದಲ್ಲಿ ತಂದು ಹಾಕಲಾಗುವುದಿಲ್ಲ.

ಆದರೂ ಮಣ್ಣಿನ ದೋಷವೋ ಒತ್ತಿನ ದೋಷವೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಹೇಗೂ ತೆಗೆಯಲೇಬೇಕಾದ ಒಂದು ಮಧ್ಯಮ ಗಾತ್ರದ ಮರವನ್ನು ಕಡಿದು ಬುಡದ ಕಡೆಯಿಂದ ಒಂದು ಬಿಲ್ಲೆ ಕೊಯ್ದುಕೊಳ್ಳಿ. ಮುಖವನ್ನು ಹತ್ತರಿ ಹೊಡೆದು, ಮರಳುಕಾಗದದಲ್ಲಿ ಉಜ್ಜಿ ನೀರು ಸವರಿ. ತೇಗದಲ್ಲಿ ಪ್ರತಿ ವರ್ಷದ ಬೆಳವಣಿಗೆ ಶುರುವಾಗುವಾಗ ದೊಡ್ಡ ರಂಧ್ರಗಳ ಸಾಲು ಬರುವುದರಿಂದ ವರ್ಷದ ಉಂಗುರ ಬರಿಗಣ್ಣಿಗೇ ಕಾಣುತ್ತದೆ. ಒಳಗಿನ ಆರೇಳು ಉಂಗುರ ಅಗಲವಾಗಿದ್ದು, ಹೊರಗಿನವು ಬರಬರುತ್ತಾ ಕಾಗದದ ಅಂಚಿನಂತೆ ಒತ್ತಿಕೊಂಡಿದ್ದರೆ ದೋಷ ಒತ್ತಿನದು. ಕಿರಿದಾಗಲು ಶುರುವಾದ ವರ್ಷವೇ ನೀವು ಮರ ತೆಗೆಯಬೇಕಾಗಿದ್ದ ವರ್ಷ. ಮಧ್ಯದಿಂದಲೇ ಎಲ್ಲಾ ಉಂಗುರ ಕಿರಿದಾಗಿದ್ದರೆ ಮಣ್ಣು ನೋಡಿ: ಮೂರು ಅಡಿ ಗುಂಡಿ ತೋಡಿದಾಗ ಬಂಡೆಯೋ ಗಟ್ಟಿ ಜಂಬಿಟ್ಟಿಗೆಯೋ ಸಿಗುತ್ತದೆಯೇ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಎಂದು. ತೇಗಕ್ಕೆ ಆಳವಾದ, ನೀರು ಬಸಿದುಹೋಗುವ ಮಣ್ಣು ಬೇಕು. ಅಂಥ ಜಾಗ ಅಲ್ಲದಿದ್ದರೆ ಎಷ್ಟು ಮರ ತೆಗೆದರೂ ಉಳಿದವು ಹೆಚ್ಚೇನೂ ಬೆಳೆಯುವುದಿಲ್ಲ. ಉಂಗುರ ಎಣಿಸುವಾಗ ಒಂದು ಎಚ್ಚರಿಕೆ: ಹುಳ ಎಲೆಯನ್ನೆಲ್ಲ ತಿಂದು ಮರ ಮತ್ತೆ ಚಿಗುರಿದ ವರ್ಷ ಸುಳ್ಳು ಉಂಗುರ ಬರಬಹುದು. ಅದು ಸುತ್ತಲೂ ಸ್ಪಷ್ಟವಾಗಿ ಕೂಡಿಕೊಳ್ಳುವುದಿಲ್ಲ.

ಈಗ ಅಳತೆ. ಎತ್ತರ ಮತ್ತು ವ್ಯಾಸದ ಅನುಪಾತ ನೋಡಿ, ಎರಡನ್ನೂ ಸೆಂ.ಮೀ.ನಲ್ಲಿ ಇಟ್ಟುಕೊಂಡು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. 38 ಸೆಂ.ಮೀ. ಸುತ್ತಳತೆ ಅಂದರೆ 12 ಸೆಂ.ಮೀ. ವ್ಯಾಸ, ಎತ್ತರ 40 ಅಡಿ ಅಂದರೆ ಸುಮಾರು 1,200 ಸೆಂ.ಮೀ., ಅನುಪಾತ 100. ಇದು 80ರ ಒಳಗಿದ್ದರೆ ಮರ ತನ್ನ ಕಾಲ ಮೇಲೆ ನಿಂತಿದೆ ಅನ್ನಬಹುದು. 100ರ ಹತ್ತಿರ ಬಂದ ಮರ ಪಕ್ಕದವುಗಳ ಆಸರೆಯಲ್ಲಿ ನಿಂತಿದೆ. ನಿಮ್ಮ 45 ಸೆಂ.ಮೀ. ಮರಗಳದ್ದು 84ರ ಆಸುಪಾಸು ಬರುತ್ತದೆ, 30 ಸೆಂ.ಮೀ.ನವು 36 ಅಡಿ ಎತ್ತರ ಇದ್ದರೂ 115ರ ಹತ್ತಿರ ಬರುತ್ತವೆ. ದಪ್ಪ ಮರ ಉಳಿಸಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಡ.

ಎತ್ತರ ಅಳೆಯಲು ಉಪಕರಣವೂ ಬೇಡ. ಮುಂದೆ ಚಾಚಿದ ಮುಷ್ಟಿಯಿಂದ ಕಣ್ಣಿನವರೆಗೆ ಎಷ್ಟು ದೂರವೋ ಅಷ್ಟೇ ಉದ್ದ ಮುಷ್ಟಿಯ ಮೇಲೆ ಉಳಿಯುವಂತೆ ಒಂದು ಕೋಲನ್ನು ನೆಟ್ಟಗೆ ಹಿಡಿಯಿರಿ. ಮುಷ್ಟಿಯ ಮಟ್ಟಕ್ಕೆ ಮರದ ಬುಡ, ಕೋಲಿನ ತುದಿಗೆ ಮರದ ತುದಿ ಸರಿಹೊಂದುವವರೆಗೆ ಹಿಂದೆ ಸರಿಯಿರಿ. ಸಮನೆಲದಲ್ಲಿ, ನಿಂತ ಜಾಗದಿಂದ ಬುಡಕ್ಕಿರುವ ದೂರವೇ ಎತ್ತರ. ಜೊತೆಗೆ ಹಸಿರು ಕೊಡೆ ಎಲ್ಲಿಂದ ಶುರುವಾಗುತ್ತದೆ ನೋಡಿ. ಒಟ್ಟು ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಸಿರಿದ್ದರೆ ಜಾಗ ಸಿಕ್ಕ ಕೂಡಲೇ ಮರ ಸ್ಪಂದಿಸುತ್ತದೆ. ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಮೊದಲು ಕೊಡೆ ಕಟ್ಟಿಕೊಳ್ಳಬೇಕು, ಅಲ್ಲಿಯವರೆಗೆ ಒಂದೆರಡು ವರ್ಷ ಸುತ್ತಳತೆಯಲ್ಲಿ ಏನೂ ಕಾಣದಿರಬಹುದು. ರೆಂಬೆ ಸವರಿ ಎಂದವರ ಸಲಹೆ ಇಲ್ಲಿ ತಿರುಗುಬಾಣ ಆಗುತ್ತದೆ: ಕೊಡೆ ಸಾಲದೆ ಸೊರಗಿದ ಮರದಿಂದ ಹಸಿರು ರೆಂಬೆಯನ್ನೂ ತೆಗೆದರೆ ಇನ್ನೇನು ಉಳಿಯಿತು?

2×2 ಮೀಟರ್ ಅಂದರೆ ಎಕರೆಗೆ ಸುಮಾರು 1,000 ಗಿಡ. ಈಗ ಎಷ್ಟು ಉಳಿದಿವೆ ಎಂದು ಎಲ್ಲವನ್ನೂ ಎಣಿಸುತ್ತಾ ಕೂರಬೇಡಿ. 37 ಅಡಿ ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಸುತ್ತು ಬನ್ನಿ. ಆ ವೃತ್ತ ಎಕರೆಯ ಹತ್ತನೇ ಒಂದು ಭಾಗ. ಒಳಗಿನ ಮರ ಎಣಿಸಿ ಹತ್ತರಿಂದ ಗುಣಿಸಿ. ಅಂಚು, ನಡು, ತಗ್ಗು, ದಿಬ್ಬ ಹೀಗೆ ಬೇರೆ ಬೇರೆ ಕಡೆ ನಾಲ್ಕೈದು ವೃತ್ತ ಸಾಕು.

ಗುರುತು ಹಾಕುವ ಕೆಲಸವೇ ಮುಖ್ಯ. ಇದನ್ನು ಕಡಿಯುವವರ ಕೈಗೆ ಬಿಡಬೇಡಿ. ಸಾಮಾನ್ಯವಾಗಿ ಎಲ್ಲರೂ ಯಾವುದನ್ನು ಕಡಿಯೋಣ ಎಂದು ನೋಡುತ್ತಾ ಹೋಗುತ್ತಾರೆ; ನೀವು ಯಾವುದನ್ನು ಉಳಿಸೋಣ ಎಂದು ನೋಡುತ್ತಾ ಹೋಗಿ. ಸರಾಸರಿ 20 ಅಡಿಗೊಂದರಂತೆ, ಎಕರೆಗೆ 100–110 ಮರ ಆರಿಸಿ ಎದೆಮಟ್ಟದಲ್ಲಿ ಬಿಳಿ ಬಣ್ಣದ ಪಟ್ಟಿ ಬಳಿಯಿರಿ. ಕಾಂಡ ನೆಟ್ಟಗಿರಬೇಕು, ಕೆಳಗಿನ 20 ಅಡಿಯಲ್ಲಿ ಕವಲು ಇರಬಾರದು, ಕೊಡೆ ಮೇಲುಸ್ತರದಲ್ಲಿರಬೇಕು, ಬಂದಳಿಕೆ (ಮರದ ಮೇಲೆ ಬೆಳೆಯುವ ಪರಾವಲಂಬಿ ಗಿಡ) ಹತ್ತಿರಬಾರದು, ಬುಡದಲ್ಲಿ ಬೆಂಕಿಯ ಗಾಯವೋ ಟೊಳ್ಳೋ ಇರಬಾರದು. 20 ಅಡಿ ಎನ್ನುವುದು ಟೇಪು ಹಿಡಿದು ಅಳೆಯುವ ಕಟ್ಟುಪಾಡಲ್ಲ. 12 ಅಡಿಯಲ್ಲಿ ಎರಡು ಒಳ್ಳೆಯ ಮರ ಇದ್ದರೆ ಎರಡನ್ನೂ ಇಡಿ. 30 ಅಡಿಯವರೆಗೆ ಒಂದೂ ಯೋಗ್ಯ ಮರ ಇಲ್ಲದಿದ್ದರೆ ಬಿಟ್ಟು ಮುಂದೆ ಹೋಗಿ. ಲೆಕ್ಕ ತುಂಬಿಸಲು ಸೊಟ್ಟ ಮರಕ್ಕೆ ಬಿಳಿ ಪಟ್ಟಿ ಬಳಿಯಬೇಡಿ.

ಆಮೇಲೆ ಪ್ರತಿ ಬಿಳಿ ಪಟ್ಟಿಯ ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ. ಯಾವ ಪಕ್ಕದ ಮರದ ಕೊಡೆ ಇದರ ಕೊಡೆಯ ಒಳಗೆ ನುಗ್ಗಿದೆ? ಅಂಥವು ಎರಡೋ ಮೂರೋ ಇರುತ್ತವೆ. ಅವಕ್ಕೆ ಕೆಂಪು ಬಣ್ಣದಲ್ಲಿ ಗುಣಿಸು ಗುರುತು ಹಾಕಿ, ಎದೆಮಟ್ಟದಲ್ಲೊಂದು, ಬುಡದಲ್ಲೊಂದು. ಕಡಿದ ಮೇಲೆ ಮೋಟಿನಲ್ಲಿ ಗುರುತು ಉಳಿದಿದ್ದರೆ ಗುರುತಿಲ್ಲದ್ದನ್ನು ಯಾರಾದರೂ ಕಡಿದರೆ ಗೊತ್ತಾಗುತ್ತದೆ. ಕೊಡೆ ನೋಡಲು ಎಲೆ ಇರುವ ಕಾಲವೇ ಬೇಕು, ಕಾಂಡದ ಸೊಟ್ಟ-ಕವಲು ನೋಡಲು ಎಲೆ ಉದುರಿದ ಕಾಲ ಒಳ್ಳೆಯದು. ಎಲೆ ಹಳದಿ ತಿರುಗುವ ಹೊತ್ತಿಗೆ ಗುರುತು ಹಾಕಿ, ಉದುರಿದ ಮೇಲೆ ಇನ್ನೊಂದು ಸುತ್ತು ತಿರುಗಿ ತಿದ್ದಿಕೊಳ್ಳಿ.

ಎರಡು ಬಣ್ಣವೂ ಇಲ್ಲದೆ ಉಳಿಯುವ ಮರಗಳೇ ಹೆಚ್ಚು, ಸದ್ಯಕ್ಕೆ ಅವು ಇರಲಿ. ಎಕರೆಗೆ 850 ಇದೆ ಅಂದುಕೊಂಡರೆ ಈ ಸಲ 270–280 ಹೋಗುತ್ತದೆ, ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಅದಕ್ಕಿಂತ ಮುಂದೆ ಹೋಗಬೇಡಿ. ಒಂದೇ ಏಟಿಗೆ ಅರ್ಧಕ್ಕಿಂತ ಹೆಚ್ಚು ತೆಗೆದರೆ ಮೂರು ತೊಂದರೆ ಒಟ್ಟಿಗೆ ಬರುತ್ತವೆ: ಆಸರೆ ತಪ್ಪಿದ ಮರಗಳು ಮೊದಲ ಗಾಳಿಮಳೆಗೆ ಬಾಗುತ್ತವೆ, ಬೆಳಕು ಬಿದ್ದ ಕಾಂಡದ ಮೇಲೆ ಮೈಚಿಗುರು ಹೊಡೆದು ಮುಂದೆ ಗಂಟಾಗುತ್ತದೆ, ನೆಲದ ತುಂಬ ಲಂಟಾನ ಕಳೆ ಏಳುತ್ತದೆ. ಗಾಳಿ ಬರುವ ಕಡೆಯ ಅಂಚಿನ ಎರಡು ಮೂರು ಸಾಲುಗಳಲ್ಲಿ ಇನ್ನೂ ಕಡಿಮೆ ಮರ ತೆಗೆಯಿರಿ.

ಸಾಲು ಬಿಟ್ಟು ಸಾಲು ಕಡಿಯುವ ಸುಲಭದ ದಾರಿಯೂ ಇದೆ. ಗಿಡಗಳೆಲ್ಲ ಒಂದೇ ಸಮ ಇರುವ ನಾಲ್ಕೈದು ವರ್ಷದ ತೋಟಕ್ಕೆ ಅದು ಸರಿ. 12 ವರ್ಷಕ್ಕೆ ಮರ-ಮರದ ನಡುವೆ ವ್ಯತ್ಯಾಸ ಬಿದ್ದಾಗಿದೆ, ಸಾಲು ನೋಡಿ ಕಡಿದರೆ ಒಳ್ಳೆಯವೂ ಅಷ್ಟೇ ಪ್ರಮಾಣದಲ್ಲಿ ಹೋಗುತ್ತವೆ.

ಕಡಿಯುವ ಮೊದಲು ನಿಮ್ಮಲ್ಲಿನ ನಿಯಮದ ಪ್ರಕಾರ ಕಡಿಯಲು, ಸಾಗಿಸಲು ಅನುಮತಿ ಬೇಕೇ ಎಂದು ವಿಚಾರಿಸಿ. ಸ್ವಂತ ಜಮೀನಾದರೂ ತೇಗಕ್ಕೆ ಬಹಳ ಕಡೆ ಬೇಕಾಗುತ್ತದೆ. ಮರದಿಂದ ಮರಕ್ಕೆ ಹಬ್ಬಿದ ಬಳ್ಳಿಗಳಿದ್ದರೆ ಆರು ತಿಂಗಳು ಮುಂಚೆಯೇ ಬುಡದಲ್ಲಿ ಕತ್ತರಿಸಿಬಿಡಿ. ಹಸಿ ಬಳ್ಳಿ ಬೀಳುವ ಮರವನ್ನು ಬೇರೆ ದಿಕ್ಕಿಗೆ ಎಳೆಯುತ್ತದೆ.

ಮರ ಬೀಳಿಸುವಾಗ ಬೀಳಬೇಕಾದ ಕಡೆ ಮೊದಲು ಬೆಣೆಯಾಕಾರದ ಕಚ್ಚು ತೆಗೆಯಬೇಕು, ಆಳ ವ್ಯಾಸದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ. ಹಿಂದಿನ ಕೊಯ್ತ ಕಚ್ಚಿನ ತಳಕ್ಕಿಂತ ಒಂದಂಗುಲ ಮೇಲೆ. ನಡುವೆ ವ್ಯಾಸದ ಹತ್ತನೇ ಒಂದು ಭಾಗದಷ್ಟು ಮರ ಕೊಯ್ಯದೆ ಉಳಿಯಬೇಕು. ಮರ ಬೀಳುವಾಗ ಬಾಗಿಲ ಕೀಲಿನಂತೆ ತಿರುಗಿಸುವುದು ಆ ಪಟ್ಟಿಯೇ. ಅದನ್ನೂ ಕೊಯ್ದರೆ ಮರ ಎತ್ತ ಬೀಳುತ್ತದೋ ಹೇಳಲಾಗದು. ಹಿಂದಕ್ಕೆ ಓರೆಯಾಗಿ ಓಡುವ ದಾರಿ ಮೊದಲೇ ಸವರಿಟ್ಟಿರಬೇಕು, ಉಳಿದವರೆಲ್ಲ ಮರದ ಎರಡು ಪಟ್ಟು ಎತ್ತರದಷ್ಟು ದೂರ ಇರಬೇಕು.

ಒತ್ತಾದ ತೋಟದಲ್ಲಿ ನಿಜವಾದ ಅಪಾಯ ಬೇರೆ: ಕಡಿದ ಮರ ಪಕ್ಕದ ಮರದ ಮೇಲೆ ಒರಗಿ ಸಿಕ್ಕಿಕೊಳ್ಳುವುದು. ಮೊದಲ ಸುತ್ತಿನಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಆಗ ಅದರ ಕೆಳಗೆ ಹೋಗಬಾರದು, ಆಸರೆ ಕೊಟ್ಟ ಮರವನ್ನು ಕಡಿಯಬಾರದು, ಮೇಲೆ ಇನ್ನೊಂದು ಮರ ಕೆಡವಿ ಬಿಡಿಸಲು ಹೋಗಬಾರದು. ಉದ್ದ ಹಗ್ಗವನ್ನೋ ಕೈ ವಿಂಚನ್ನೋ (ಕೈಯಿಂದ ನಡೆಸುವ ಎಳೆಯುವ ಯಂತ್ರ) ಬುಡಕ್ಕೆ ಬಿಗಿದು, ಒರಗಿದ ದಿಕ್ಕಿಗೆ ವಿರುದ್ಧವಾಗಿ, ದೂರದಿಂದ ಬುಡವನ್ನು ಎಳೆಯಿರಿ. ಬಹಳ ವಾಲಿದ ಮರಗಳನ್ನು ಅನುಭವಿಗಳಿಗೇ ಬಿಡಿ. ಹಿಂದಿನಿಂದ ಕೊಯ್ಯುತ್ತಿರುವಾಗಲೇ ಕಾಂಡ ಉದ್ದಕ್ಕೆ ಸೀಳಿ ಮೇಲಕ್ಕೆ ಚಿಮ್ಮುತ್ತದೆ.

ದಿಮ್ಮಿ ಎಳೆಯುವ ದಾರಿಯ ತಿರುವುಗಳಲ್ಲಿ ಕೆಂಪು ಗುರುತಿನ ಮರ ಇದ್ದರೆ ಅದನ್ನು ಕೊನೆಗೆ ಕಡಿಯಿರಿ. ಉಜ್ಜುವುದಿದ್ದರೆ ಅದರ ತೊಗಟೆ ಉಜ್ಜಲಿ, ಬಿಳಿ ಪಟ್ಟಿಯ ಮರದ್ದು ಬೇಡ. ಸೊಪ್ಪು-ರೆಂಬೆಯನ್ನು ಮರದ ಬುಡಕ್ಕೆ ರಾಶಿ ಹಾಕಬೇಡಿ, ಬೆಂಕಿ ಬಿದ್ದರೆ ಬುಡ ಬೇಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಹರಡಿ. ತೇಗದ ಅಗಲ ಎಲೆಯಿಂದ ಬೀಳುವ ದಪ್ಪ ಹನಿ ಬೋಳು ನೆಲವನ್ನು ಕೊರೆಯುತ್ತದೆ, ಹಾಗಾಗಿ ಅಡಿಯಲ್ಲಿರುವ ಕಾಡುಗಿಡಗಳನ್ನೆಲ್ಲ ಸವರಿ ಅಂಗಳ ಮಾಡುವ ಚಟ ಬೇಡ. ಬಳ್ಳಿ, ಲಂಟಾನ ತೆಗೆದರೆ ಸಾಕು. ಬೇಸಿಗೆಗೆ ಮುಂಚೆ ಸುತ್ತ 10–15 ಅಡಿ ಅಗಲಕ್ಕೆ ತರಗು ಗುಡಿಸಿ ಬೆಂಕಿರೇಖೆ ಮಾಡಿ.

ಮೋಟು ಚಿಗುರುತ್ತದೆ, ತೇಗದ ಸ್ವಭಾವವೇ ಅದು. ಮೊದಲ ಮಳೆಗಾಲದಲ್ಲಿ ಎರಡು ಮೂರು ಸಲ ಚಿಗುರು ಮುರಿದರೆ, ಮೇಲಿನ ನೆರಳೂ ಇರುವುದರಿಂದ, ಹೆಚ್ಚಿನವು ಸೋಲುತ್ತವೆ.

ಒಣ ರೆಂಬೆ ಸವರುವುದು ಬಿಳಿ ಪಟ್ಟಿಯ ಮರಕ್ಕೆ ಮಾತ್ರ, 18–20 ಅಡಿಯವರೆಗೆ. ಒತ್ತಿನಲ್ಲಿ ಬೆಳೆದದ್ದರಿಂದ ಅಲ್ಲಿಯವರೆಗಿನ ರೆಂಬೆಗಳು ಬಹುತೇಕ ಒಣಗಿರುತ್ತವೆ. ಒಣ ರೆಂಬೆಯನ್ನು ಹಾಗೇ ಬಿಟ್ಟರೆ ಕಾಂಡ ಅದರ ಸುತ್ತ ಬೆಳೆದು ಹಲಗೆಯಲ್ಲಿ ಉದುರುಗಂಟಾಗುತ್ತದೆ (ಕಳಚಿ ಬೀಳುವ ಗಂಟು). ಮಚ್ಚು ಬೇಡ, ಕೋಲು ಕಟ್ಟಿದ ಗರಗಸ ಬಳಸಿ. ರೆಂಬೆಯ ಬುಡದ ಉಬ್ಬಿಗೆ ತಾಗದಂತೆ, ಮೋಟೂ ಉಳಿಯದಂತೆ ಕೊಯ್ಯಿರಿ. ಗಾಯ ಮುಚ್ಚುವುದು ಆ ಉಬ್ಬಿನಿಂದಲೇ. ಮೇಲೆ ಬಣ್ಣ, ಟಾರು ಏನೂ ಬೇಡ. ಮೈಚಿಗುರು ಬಂದರೆ ಎಳೆಯದಾಗಿರುವಾಗಲೇ ಕೈಯಲ್ಲೇ ಉಜ್ಜಿ ತೆಗೆಯಿರಿ.

ಮುಂದಿನ ಸುತ್ತಿಗೆ ವರ್ಷದ ಲೆಕ್ಕ ಹಾಕಬೇಡಿ. ಬಿಳಿ ಪಟ್ಟಿಯ 20 ಮರಗಳಿಗೆ ನಂಬರು ಬರೆದು, ನಾಲ್ಕೂವರೆ ಅಡಿ ಎತ್ತರದಲ್ಲಿ ತೆಳು ಗೆರೆ ಎಳೆದು, ಪ್ರತಿ ವರ್ಷ ಒಂದೇ ತಿಂಗಳಲ್ಲಿ ಆ ಗೆರೆಯ ಮೇಲೇ ಸುತ್ತಳತೆ ತೆಗೆಯಿರಿ. ಕೊಡೆಗಳು ಮತ್ತೆ ತಾಗಿಕೊಂಡಾಗ ಸುತ್ತಳತೆಯ ಏರಿಕೆ ಕುಗ್ಗುತ್ತದೆ. ಆಗ ಇದೇ ಕ್ರಮದಲ್ಲಿ ಇನ್ನೊಮ್ಮೆ. ಹೀಗೆ ಇಳಿಸುತ್ತಾ ಕೊನೆಗೆ ಎಕರೆಗೆ 60–80 ಮರ ನಿಲ್ಲಬೇಕು. ಬಿಲ್ಲೆ ಕೊಯ್ದ ಮೇಲೆ ಅದರ ಫೋಟೋವನ್ನು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಇಲ್ಲಿ ಹಾಕಿ. ಮಣ್ಣಿನ ಗುಂಡಿಯದೂ ಇರಲಿ, ಎಷ್ಟು ಮರ ತೆಗೆಯಬಹುದು ಎಂದು ಆಗ ಇನ್ನೂ ನಿಖರವಾಗಿ ಹೇಳಬಹುದು.